ಎಫ್ರಾಯಿಮರ ಪರಮೋಗ

ಬೆಳಿಗ್ಗೆ ಒಂಬತ್ತು ಗಂಟೆಗೆ ಎಫ್ರಾಯಿಮರು ಮಗಳು ನವೋಮಿಯನ್ನು ಕರೆದುಕೊಂಡು ಚಾವಡಿಗೆ ಬಂದರು. ತಮ್ಮಲ್ಲಿರುವುದನ್ನು ಅವಳಿಗೆ ಕೊಡಬೇಕು ಎಂದರು. ಚಾವಡಿಯ ಉಸ್ತುವಾರಿ ದೂಮಪ್ಪಣ್ಣ ಆಗಷ್ಟೇ ಬಾಗಿಲು ತೆರೆದು ಬೀಗ ಕೈಯಲ್ಲಿ ಹಿಡಿದುಕೊಂಡಿದ್ದರು. "ಕೊಡ್ಲಿಕ್ಕೆ ನಿಮ್ಮ ಹತ್ರ ಎಂತ ಉಂಟು ಮಾರಾಯ್ರೆ?" ಎಂದು ಕೇಳಿದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಊರಿನ ಯಾರಾಗಿದ್ದರೂ ಅದನ್ನೇ ಕೇಳುತ್ತಿದ್ದರು.

ನಮ್ಮ ಊರಿನಲ್ಲಿ ಒಬ್ಬರಿಗೆ ಬರುವ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟುಬಿಡಬಹುದು. ಕಲಿಸುವುದಲ್ಲ, ಕೊಡುವುದು. ಜೀವಮಾನದಲ್ಲಿ ಒಂದು ಸಲ, ಒಂದೇ ಕೆಲಸ. ಕೊಟ್ಟ ಮೇಲೆ ಕೊಟ್ಟವರಿಗೆ ಅದು ಬರುವುದಿಲ್ಲ. ಅಳಿವೆಯನ್ನು ಈಜಿ ದಾಟುತ್ತಿದ್ದ ಹಿರಿಯರೊಬ್ಬರು ಮೊಮ್ಮಗಳಿಗೆ ಈಜು ಕೊಟ್ಟ ಮೇಲೆ ಮೊಣಕಾಲು ನೀರಿನಲ್ಲೂ ಪಕ್ಕದವರ ಭುಜ ಹಿಡಿಯುತ್ತಾರೆ. ಸೊಸೆಗೆ ಉಪ್ಪಿನಕಾಯಿ ಕೊಟ್ಟ ಅತ್ತೆ ಉಪ್ಪು ಎಷ್ಟು ಎಂದು ಸೊಸೆಯನ್ನೇ ಕೇಳಬೇಕಾಗುತ್ತದೆ. ಕೇಳುತ್ತಾರೆ, ಆಮೇಲೆ ಉಪ್ಪು ಹೆಚ್ಚಾಯಿತೆಂದು ನಾಲ್ಕು ಮನೆಗೆ ಕೇಳುವಂತೆ ಗೊಣಗುತ್ತಾರೆ. ಹೆಣ್ಣು ನೋಡಲು ಬಂದವರು ಗದ್ದೆ ಎಷ್ಟು ಎಂದು ವಿಚಾರಿಸುವುದಿಲ್ಲ, ತಾಯಿಯ ಕಡೆಯಿಂದ ಏನು ಬಂದಿದೆ ಎಂದು ವಿಚಾರಿಸುತ್ತಾರೆ. ಕೊಡದೆ ತೀರಿಕೊಂಡರೆ ಅದು ಅವರ ಜೊತೆಗೇ ಹೋಯಿತು. ಹಾಗಾಗಿ ಅರುವತ್ತು ದಾಟಿದವರು ಸ್ವಲ್ಪ ಜೋರಾಗಿ ಕೆಮ್ಮಿದರೂ ಮನೆಮಂದಿಯೆಲ್ಲ ತಲೆ ಎತ್ತಿ ನೋಡುತ್ತಾರೆ.

ಕೊಡುವುದಕ್ಕೆ ಚಾವಡಿಗೇ ಬರಬೇಕು. ಮೊದಲು ಕೆಲಸವನ್ನು ಮಾಡಿ ತೋರಿಸಬೇಕು, ಮೂವರು ಸಾಕ್ಷಿಗಳು ಅದನ್ನು ಕೊನೆಯ ತನಕ ನೋಡಬೇಕು. ಆಮೇಲೆ ಮಣಿಕಟ್ಟು ಹಿಡಿದು ಒಬ್ಬರು "ತಕ್ಕೊ" ಎನ್ನಬೇಕು, ಇನ್ನೊಬ್ಬರು "ತಕ್ಕೊಂಡೆ" ಎನ್ನಬೇಕು. ಇನ್ನೊಂದು ವಿಷಯವಿದೆ. ಇಷ್ಟವಿಲ್ಲದೆ ಮಾಡಿಕೊಂಡು ಬಂದ ಕೆಲಸ ದಾಟುವುದಿಲ್ಲ. ಬದುಕಿಡೀ ಹೊಲಿಗೆಯನ್ನು ಶಪಿಸುತ್ತಲೇ ಹೊಲಿದ ಒಬ್ಬ ದರ್ಜಿ ಮಗನ ಮಣಿಕಟ್ಟು ಹಿಡಿದು ಬಹಳ ಹೊತ್ತು ನಿಂತದ್ದನ್ನು ನಾನೇ ನೋಡಿದ್ದೇನೆ. ಏನೂ ಆಗಲಿಲ್ಲ. ಕೊನೆಗೆ ಇಬ್ಬರಿಗೂ ನಾಚಿಕೆಯಾಗಿ ಕೈ ಬಿಟ್ಟರು.

ಹೀಗೆ ದಾಟುವುದನ್ನು ನಾವು ಪರಮೋಗ ಎನ್ನುತ್ತೇವೆ. ಇದು ಪರಮಯೋಗ ಎಂಬ ಮಾತು ಸವೆದು ಆದದ್ದೆಂದು ಶಾಲೆಯ ಪಂಡಿತರು ಪಾಠದಲ್ಲಿ ಹೇಳುತ್ತಿದ್ದರು. ಅದು ತಪ್ಪು. ಚಾವಡಿಯ ಬಾಗಿಲ ಮೇಲೆ, ದಾರಂದದ ಮರದಲ್ಲಿ, ಒಂದು ಪದ ಕೊರೆದಿದೆ. ಪದ ಜರ್ಮನ್ ಭಾಷೆಯದು: ಫೆರ್ಮ್ಯೋಗೆನ್. ನಡುವಿನ ಒಂದು ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕೆಗಳಿವೆ. ಮಕ್ಕಳು ಅದನ್ನು ಕಣ್ಣಕ್ಷರ ಎನ್ನುತ್ತಾರೆ. ನಮ್ಮ ನೇಯ್ಗೆ ಮಿಲ್ಲನ್ನು ಶುರುಮಾಡಲು ಬಂದಿದ್ದ ಜರ್ಮನ್ ಮೇಸ್ತ್ರಿಯೊಬ್ಬನ ಕಾಲದಲ್ಲಿ ಚಾವಡಿಗೆ ಹೊಸ ಬಾಗಿಲು ಕೂರಿಸಿದರು. ಅದರ ಮೇಲೆ ಏನು ಕೊರೆಯುವುದೆಂದು ಜಗಳ ಹತ್ತಿತು. ಆಸ್ತಿ ಎಂದು ಬರೆದರೆ ಗದ್ದೆ ಬೇಲಿಯ ವ್ಯಾಜ್ಯದವರೆಲ್ಲ ಬಂದು ಕೂರುತ್ತಾರೆ. ಶಕ್ತಿ ಎಂದರೆ ಜನ ಹೂವು ಹಣ್ಣು ತರುತ್ತಾರೆ. ವಿದ್ಯೆ ಎಂದರೆ ಮಾಸ್ತರುಗಳು ಇದು ತಮ್ಮದೇ ಎನ್ನುತ್ತಾರೆ. ಆಗ ಆ ಮೇಸ್ತ್ರಿ, ತಮ್ಮ ಭಾಷೆಯಲ್ಲಿ ಸಾಮರ್ಥ್ಯಕ್ಕೂ ಸಂಪತ್ತಿಗೂ ಒಂದೇ ಪದ ಇದೆ ಎಂದನಂತೆ. ಯಾರಿಗೂ ಅರ್ಥವಾಗದ ಪದವಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಬಡಗಿ ಕೊರೆದ. ಜನರ ಬಾಯಲ್ಲಿ ಅದು ಪರಮೋಗವಾಯಿತು.

ಆ ಲೆಕ್ಕದಲ್ಲಿ ಎಫ್ರಾಯಿಮರು ಊರಿನ ಅತಿ ಬಡವರು. ಮೂವತ್ತು ವರ್ಷ ಕಡವಿನಲ್ಲಿ ಕೆಲಸ ಮಾಡಿದರೂ ದೋಣಿ ನಡೆಸಲು ಬರುತ್ತಿರಲಿಲ್ಲ. ದೋಣಿ ಬಂದಾಗ ಹಗ್ಗ ಹಿಡಿದು ಕಟ್ಟುವುದು, ಹೊರಡುವಾಗ ಬಿಚ್ಚುವುದು, ಇಷ್ಟೇ. ಹಗ್ಗ ಕಟ್ಟುವುದು ಊರಿನ ಎಲ್ಲರಿಗೂ ಬರುತ್ತದೆ. ಹಾಡಲು ಬಾರದು, ಅಡುಗೆ ಬಾರದು, ಮೊಳೆ ಹೊಡೆದರೆ ಬೆರಳಿಗೆ ಹೊಡೆದುಕೊಳ್ಳುವವರು. ಹೆಂಡತಿ ಮಾತ್ರ ಶ್ರೀಮಂತೆ. ಮಿಲ್ಲಿನಲ್ಲಿ ಮಗ್ಗ ಓಡುತ್ತಿರುವಂತೆಯೇ ತುಂಡಾದ ಎಳೆಯನ್ನು ಹಿಡಿದು ಜೋಡಿಸುವ ಬೆರಳು ಆಕೆಯದು. ಸಾಯುವ ಮೊದಲು ಅದನ್ನು ನವೋಮಿಗೆ ಕೊಟ್ಟಿದ್ದರು. ಈಗ ಮಿಲ್ಲಿನಲ್ಲಿ ನವೋಮಿಯ ಸಾಲಿನಲ್ಲಿ ಮಗ್ಗ ನಿಲ್ಲುವುದೆಂಬುದೇ ಇಲ್ಲ. ಎಳೆ ತುಂಡಾಗುವ ಮೊದಲೇ ಅವಳಿಗೆ ಗೊತ್ತಾಗುತ್ತದೆ ಎಂದು ಜೊತೆಗಾರ್ತಿಯರು ಹೇಳುತ್ತಾರೆ. ಮಿಲ್ಲಿನ ಹೊರಗೂ ಅವಳು ಹಾಗೆಯೇ. ನಡೆದರೆ ಓಡಿದಂತೆ, ಊಟ ಮಾಡಿದರೆ ಬಸ್ಸಿಗೆ ಹೊತ್ತಾದಂತೆ.

ಅವಳ ಗಂಡ ಬೆನಾಯ ನನ್ನ ಓರಗೆಯವನು, ಬಸ್ ಕಂಡಕ್ಟರ್. ಅವನ ಬಾಯಿ ಅವಳ ಬೆರಳಿಗಿಂತ ಚುರುಕು. ಹದಿನಾಲ್ಕು ನಿಲ್ದಾಣಗಳ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗಿ, ಉಳಿದ ಉಸಿರಿನಲ್ಲಿ ಫುಟ್‌ಬೋರ್ಡಿನವನನ್ನು ಬೈದು, ಅಜ್ಜಿಯೊಬ್ಬರಿಗೆ ಸೀಟು ಕೊಡಿಸುತ್ತಿದ್ದ. ಕಳೆದ ಮಳೆಗಾಲದ ಮೊದಲು ಅವನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಬೇಗ ಸರಿಹೋದವು. ಮಾತು ಮಾತ್ರ ಹಿಂದೆ ಉಳಿಯಿತು. "ಮಾತು ಒಳಗೆ ಸರಿಯಾಗಿಯೇ ಉಂಟು, ಬಾಯಿಗೆ ಬರ್ಲಿಕ್ಕೆ ತಡ ಆಗ್ತದೆ ಅಷ್ಟೆ. ನೀವು ಕಾಯ್ಬೇಕು" ಎಂದು ಡಾಕ್ಟರು ನವೋಮಿಗೆ ಹೇಳಿದರು.

ಅವಳಿಗೆ ಬರದೆ ಇದ್ದದ್ದು ಅದೊಂದೇ. ನಮ್ಮ ಮನೆ ಅವರ ಮನೆಗೆ ಒತ್ತಿಕೊಂಡೇ ಇರುವುದು. ನಡುವೆ ಇರುವುದು ದಾಸವಾಳದ ಬೇಲಿ. ಬೆನಾಯ ಜಗಲಿಯಲ್ಲಿ ಕೂತು "ನನ್ನ..." ಎಂದು ಶುರುಮಾಡುತ್ತಿದ್ದ. "ನಿಮ್ಮ ಬನಿಯನ್ನಾ? ಒಣಗಿದೆ, ತಂದೆ" ಎಂದು ಅವಳು ಅಂಗಳಕ್ಕೆ ಹಾರುತ್ತಿದ್ದಳು. ಅವನು ತಲೆ ಅಲ್ಲಾಡಿಸಿ ಮತ್ತೆ ಶುರುಮಾಡುವುದರೊಳಗೆ, "ಚಾ ಬೇಕಾ? ಮಾತ್ರೆಯಾ? ಮಲಗ್ತೀರಾ?" ಒಂದು ದಿನ ಅವನು ಹೇಳಲು ಹೊರಟದ್ದು ಏನೆಂದು ಅವಳಿಗೆ ತಿಳಿಯದೆ, ಅವನ ಸುತ್ತ ಬನಿಯನ್ನು, ಚಾ, ಮಾತ್ರೆ, ದಿಂಬು, ಬೀಸಣಿಗೆ ಎಲ್ಲ ಬಂದು ಕೂತಿದ್ದವು. ಅವನು ನಕ್ಕ. ಆಮೇಲೆ ನಗುವುದನ್ನೂ ಬಿಟ್ಟ. ಕ್ರಿಸ್ಮಸ್ಸಿನ ನಂತರ ಬೆನಾಯ ಒಂದಕ್ಷರವೂ ಆಡಿರಲಿಲ್ಲ.

"ಅಣ್ಣಾ, ಅವರ ಮಾತನ್ನು ಕೊಲ್ತಾ ಇರುವುದು ನಾನೇ" ಎಂದು ನವೋಮಿ ಬೇಲಿಯಾಚೆಯಿಂದ ನನಗೆ ಹೇಳಿದಳು. "ಬಾಯಿ ಮುಚ್ಚಿ ಕೂರ್ತೇನೆ ಅಂತ ದಿನಾ ಅಂದುಕೊಳ್ತೇನೆ. ಅವರ ತುಟಿ ಅಲ್ಲಾಡಿದ ಕೂಡ್ಲೆ ನನ್ನದು ಹೊರಗೆ ಬಂದಾಗಿರ್ತದೆ. ನನಗೆ ಅದು ಬರುವುದಿಲ್ಲ, ಅಷ್ಟೆ." ನಮ್ಮ ಊರಿನಲ್ಲಿ ಒಬ್ಬರು ಬರುವುದಿಲ್ಲ ಎಂದರೆ ಎದುರಿನವರು ಪ್ರಯತ್ನ ಮಾಡಿ ನೋಡು ಎನ್ನುವುದಿಲ್ಲ. ನಾನೂ ಅನ್ನಲಿಲ್ಲ. ಹೊಳೆಯ ಮೇಲ್ಗಡೆಯ ಊರಿನಲ್ಲಿ ಬೆನಾಯನ ಅಕ್ಕ ದೆಬೋರ ಇದ್ದಾರೆ, ಒಂಟಿ ಹೆಂಗಸು, ಗಡಿಬಿಡಿ ಇಲ್ಲದ ಮನೆ. ಬೆನಾಯನನ್ನು ಅಲ್ಲಿಗೆ ಕಳಿಸುವುದೆಂದು ನವೋಮಿ ತೀರ್ಮಾನಿಸಿದ್ದಳು. ಮುಂದಿನ ಭಾನುವಾರ ದೆಬೋರಕ್ಕ ದೋಣಿಯಲ್ಲಿ ಬಂದು ಅವನನ್ನು ಕರೆದೊಯ್ಯುವವರಿದ್ದರು. ಎಷ್ಟು ಕಾಲಕ್ಕೆ ಎಂದು ನಾನು ಕೇಳಿದೆ. "ಮಾತು ಬರುವ ತನಕ" ಎಂದು ಅವಳು ಅಂದಳು. ಬಾರದಿದ್ದರೆ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಬೆನಾಯನನ್ನಂತೂ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಉತ್ತರಕ್ಕೆ ಯಾರು ನಿಲ್ಲುತ್ತಿದ್ದರು?

ಅಪ್ಪ ಮಗಳು ಚಾವಡಿ ಹತ್ತಿದ್ದು ಆ ಭಾನುವಾರಕ್ಕಿಂತ ಮೊದಲಿನ ಗುರುವಾರ. ನಾನು ಊರಿನ ಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಕಚೇರಿ ಚಾವಡಿಯ ಎದುರಿಗೇ ಇರುವುದರಿಂದ ಸಾಕ್ಷಿ ಸಾಲದಾದಾಗ ನನ್ನನ್ನು ಕರೆಯುವುದು ರೂಢಿ. ಎರಡನೆಯ ಸಾಕ್ಷಿ ದೂಮಪ್ಪಣ್ಣನೇ. ಮೂರನೆಯವರು ಬೀಪಾತುಮ್ಮ, ಚಾವಡಿಯ ಮೆಟ್ಟಿಲ ಬುಡದಲ್ಲಿ ಬಸಳೆ, ಅಲಸಂಡೆ ಇಟ್ಟು ಮಾರುವವರು, ಯಾರ ಮುಖವನ್ನೂ ನೋಡಿ ಮಾತು ಬದಲಿಸುವವರಲ್ಲ.

"ಹೇಳಿ ಎಫ್ರಾಯಿಮಣ್ಣ, ಕೊಡುವುದು ಎಂತ?" ಎಂದರು ದೂಮಪ್ಪಣ್ಣ.

"ಕಾಯುವುದು" ಎಂದರು ಎಫ್ರಾಯಿಮರು.

"ತೋಟವಾ?"

"ಅಲ್ಲ. ಸುಮ್ಮನೆ ಕಾಯುವುದು. ಬರುವವರನ್ನು."

ಬೀಪಾತುಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ದೂಮಪ್ಪಣ್ಣ ನಗಲಿಲ್ಲ, ಅವರಿಗೆ ಸಿಟ್ಟು ಬಂತು. ಚಾವಡಿಯ ಮರ್ಯಾದೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. "ಅದು ಕೆಲಸವಾ? ಏನೂ ಮಾಡದೆ ಕೂರುವುದಕ್ಕೆ ಪರಮೋಗ ಅಂತ ಹೇಳಿದ್ರೆ ನಾಳೆ ಊರಿನ ಸೋಮಾರಿಗಳೆಲ್ಲ ಲೈನು ನಿಲ್ತಾರೆ. ಕೈಯಲ್ಲಿ ಮಾಡುವಂಥದ್ದು ಇರ್ಬೇಕು."

"ಅಪ್ಪಾ, ಇದೆಂಥ ಹುಚ್ಚು? ನನಗೆ ಮಿಲ್ಲಿಗೆ ಹೊತ್ತಾಯ್ತು" ಎಂದು ನವೋಮಿ ಆಗಲೇ ಮೆಟ್ಟಿಲ ಕಡೆ ತಿರುಗಿದ್ದಳು. ಯಾಕೆ ಕರೆದುಕೊಂಡು ಬಂದರೆಂದು ಅವಳಿಗೆ ಅಪ್ಪ ಹೇಳಿರಲಿಲ್ಲ.

"ಪೇಪರಿನವರೇ, ಮೇಲೆ ಕೊರೆದದ್ದಕ್ಕೆ ಎಂತ ಅರ್ಥ? ನಿಮ್ಮಲ್ಲಿ ಪುಸ್ತಕ ಉಂಟಲ್ಲ" ಎಂದು ಬೀಪಾತುಮ್ಮ ನನ್ನನ್ನು ಕೇಳಿದರು. ಜರ್ಮನ್ ಮೇಸ್ತ್ರಿ ಬಿಟ್ಟುಹೋದ ನಿಘಂಟು ನಮ್ಮ ಕಚೇರಿಯಲ್ಲಿದೆ. ಅದರಲ್ಲಿ ಏನಿದೆಯೆಂದು ನನಗೆ ತಿಳಿದಷ್ಟನ್ನು ಹೇಳಿದೆ. ಫೆರ್ಮ್ಯೋಗೆನ್ ಮೂಲದಲ್ಲಿ ಹೆಸರಲ್ಲ, ಕ್ರಿಯೆ. ಕ್ರಿಯೆಯೇ ಹೆಸರಾಗಿ ನಿಂತದ್ದು. ಫೆರ್ ಎನ್ನುವುದು ಮುಂದೆ ಸೇರಿದ ತುಂಡು. ಮ್ಯೋಗೆನ್ ಎನ್ನುವುದಕ್ಕೆ ಹಳೆಯ ಅರ್ಥ ಬರುವುದು, ಆಗುವುದು. ಅವರ ಭಾಷೆಯಲ್ಲಿ ಬಲ ಎನ್ನುವ ಪದ, ಸಾಧ್ಯ ಎನ್ನುವ ಪದ ಎರಡೂ ಅದೇ ಬೇರಿನವು. ಫೆರ್ಮ್ಯೋಗೆನ್ ಎಂದರೆ ಮೊದಲು ಸಾಮರ್ಥ್ಯ ಎಂದಷ್ಟೇ ಇತ್ತು. ಆಸ್ತಿ ಎನ್ನುವ ಅರ್ಥ ಬಂದದ್ದು ಆಮೇಲೆ. ಸಂಪತ್ತಿಗೆ ಅವರಲ್ಲಿ ಇನ್ನೊಂದು ಪದವೂ ಇದೆ. ಅದರ ಬೇರು ಅರಸನ ಕಡೆಗೆ ಹೋಗುತ್ತದೆ, ನಮ್ಮ ಐಶ್ವರ್ಯ ಈಶ್ವರನ ಕಡೆಗೆ ಹೋಗುವ ಹಾಗೆ. ಮೇಸ್ತ್ರಿ ಆ ಪದವನ್ನು ಕೊರೆಸಲಿಲ್ಲ.

"ಕೈ ಅಂತ ಉಂಟಾ ಅದರಲ್ಲಿ?" ಎಂದು ಬೀಪಾತುಮ್ಮ ಕೇಳಿದರು.

"ಇಲ್ಲ. ಆಗುವುದು ಅಂತ ಮಾತ್ರ."

"ಮತ್ತೆ? ಈ ಮನುಷ್ಯರಿಗೆ ಆಗ್ತದೆ ಅಂತಾದ್ರೆ ತೋರಿಸ್ಲಿ. ನನಗಂತೂ ಬಸಳೆ ಬಾಡುವ ತನಕ ಗಿರಾಕಿಗೆ ಕಾಯ್ಲಿಕ್ಕೆ ಆಗುದಿಲ್ಲ, ಎದ್ದು ಕೂಗ್ತೇನೆ."

ಆ ಪದದ ಬಗ್ಗೆ ಇನ್ನೊಂದು ಸಂಗತಿಯಿತ್ತು, ಅದನ್ನೂ ಹೇಳಿದೆ. ಈಗಿನ ಜರ್ಮನ್ನಿನಲ್ಲಿ ಮ್ಯೋಗೆನ್ ಎಂದು ಒಂಟಿಯಾಗಿ ಹೇಳಿದರೆ ಆಗುವುದು ಎಂಬ ಅರ್ಥ ಬಹುಮಟ್ಟಿಗೆ ಹೋಗಿದೆ. ಇಷ್ಟಪಡುವುದು ಎಂಬ ಅರ್ಥವೇ ಮುಂದಾಗಿದೆ. ದೂಮಪ್ಪಣ್ಣ ಅದನ್ನು ಹಿಡಿದುಕೊಂಡರು. "ಹಾಂ, ಅದನ್ನು ಕೇಳುವ. ಎಫ್ರಾಯಿಮಣ್ಣ, ಮೂವತ್ತು ವರ್ಷ ಕಡವಿನಲ್ಲಿ ಕಾದದ್ದು ಹೊಟ್ಟೆಪಾಡಿಗೆ. ಇಷ್ಟ ಇತ್ತಾ ನಿಮಗೆ? ಇಲ್ಲದಿದ್ರೆ ದಾಟುದಿಲ್ಲ, ಸುಮ್ಮನೆ ನಮ್ಮ ಹೊತ್ತು ಹಾಳು."

ಎಫ್ರಾಯಿಮರು ಸ್ವಲ್ಪ ಯೋಚಿಸಿದರು. "ಆಚೆ ದಡದಲ್ಲಿ ಒಂದು ಕೊಡೆ ಕಾಣ್ತದೆ" ಎಂದರು. "ಯಾರದ್ದು ಅಂತ ಗೊತ್ತಿಲ್ಲ. ಸ್ವಲ್ಪ ಹತ್ತಿರ ಬರ್ತದೆ. ನಡಿಗೆ ಕಾಣ್ತದೆ. ಆಗ ಯಾರೂ ಆಗಿರ್ಬಹುದು ಅದು. ನನ್ನ ತಮ್ಮ ಇರ್ಬಹುದು, ಸಾಲ ಕೇಳುವವ ಇರ್ಬಹುದು. ಆ ಹೊತ್ತು ನನಗೆ ಬಹಳ ಖುಷಿ. ಇವಳಮ್ಮ ಮಿಲ್ಲಿನಿಂದ ಬರುವಾಗ್ಲೂ ಗೇಟಿನ ಹತ್ರ ನಿಲ್ತಿದ್ದೆ. ನನ್ನನ್ನು ಕಾಯಿಸಿದ್ರು ಅಂತ ನನಗೆ ಯಾವತ್ತೂ ಅನ್ನಿಸಿದ್ದಿಲ್ಲ."

ದೂಮಪ್ಪಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ. ಯಾರನ್ನು ಕಾಯುವುದೆಂಬ ಪ್ರಶ್ನೆ ಬಂತು. ಬೀಪಾತುಮ್ಮನೇ ಪರಿಹಾರ ಹೇಳಿದರು: ಹೋಟೆಲಿನ ಬಾಬಣ್ಣನಿಗೆ ಚಾ ಹೇಳುವುದು. ಬಾಬಣ್ಣ ಹೋಟೆಲಿನಿಂದ ಚಾವಡಿಗೆ ಚಾ ತರುವುದೆಂದರೆ ದಾರಿಯಲ್ಲಿ ಸಿಕ್ಕಿದವರ ಮನೆಯ ಕರು, ಮಗು, ಮಂಡಿನೋವು ಎಲ್ಲವನ್ನೂ ವಿಚಾರಿಸಿಕೊಂಡು ಬರುವುದು. ಊರಿನಲ್ಲಿ ಬಿಸಿ ಚಾ ಬೇಕಾದವರು ತಾವೇ ಹೋಟೆಲಿಗೆ ಹೋಗುತ್ತಾರೆ. ಐದು ಚಾ ಹೇಳಿ ಕಳಿಸಿದರು. ಎಫ್ರಾಯಿಮರು ಬೆಂಚಿನ ಒಂದು ತುದಿಗೆ ಸರಿದು ಕೂತರು. ನಾವು ಮೂವರು ಎದುರು ಕೂತೆವು. ನವೋಮಿ ಕಂಬಕ್ಕೆ ಒರಗಿ ನಿಂತಳು.

ಮೊದಲು ಎದ್ದವರು ದೂಮಪ್ಪಣ್ಣ. ಕಿಟಕಿಯ ಚಿಲಕ ಸರಿಯಿದೆಯೇ ಎಂದು ನೋಡಿ ಬಂದರು, ಹಿಂದಿನ ಬಾಗಿಲನ್ನು ನೋಡಿ ಬಂದರು, ಎರಡನೆಯ ಸಲ ಕಿಟಕಿಗೇ ಹೋದರು. ಬೀಪಾತುಮ್ಮ ಕೂತಲ್ಲಿಂದಲೇ ಕೆಳಗಿನ ಗಿರಾಕಿಗಳಿಗೆ ಅಲಸಂಡೆಯ ಕ್ರಯ ಕೂಗಿದರು, ಆಮೇಲೆ ಇಳಿದೇ ಹೋದರು, ಬಂದರು, ಮತ್ತೆ ಹೋದರು. ನನಗೆ ಮಧ್ಯಾಹ್ನದ ಅಚ್ಚಿಗೆ ಒಂದು ಪುಟ ಬಾಕಿಯಿತ್ತು. ಅದನ್ನು ನೆನೆದು ಕಾಲು ತಾನಾಗಿ ಅಲ್ಲಾಡತೊಡಗಿತು. ನಿಜ ಹೇಳಬೇಕೆಂದರೆ ಸಾಕ್ಷಿಗಳು ಕೊನೆಯ ತನಕ ನೋಡಬೇಕು ಎಂಬ ಕಟ್ಟಳೆಯನ್ನು ಆ ದಿನ ಪೂರ್ತಿಯಾಗಿ ಪಾಲಿಸಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಎಫ್ರಾಯಿಮರು ಕಲ್ಲಿನ ಹಾಗೆ ಕೂತಿರಲಿಲ್ಲ. ಕಾಲು ಚಾಚಿದರು, ಮಡಚಿದರು, ಒಂದು ಇರುವೆ ಬೆಂಚು ದಾಟುವಾಗ ಕೈ ಎತ್ತಿ ಅದಕ್ಕೆ ದಾರಿ ಬಿಟ್ಟರು. ಆದರೆ ಅವರ ಮುಖದಲ್ಲಿ ನಮ್ಮ ಮುಖದಲ್ಲಿದ್ದದ್ದು ಇರಲಿಲ್ಲ. ದಾರಿಯ ಕಡೆ ನೋಡುತ್ತಿದ್ದರು, ಬಾಬಣ್ಣ ಆಗಲೇ ಅರ್ಧ ಬಂದಿದ್ದಾನೆ ಎಂಬ ಹಾಗೆ. ನವೋಮಿ ಮಿಲ್ಲಿಗೆ ಹೊರಡುತ್ತೇನೆ ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು. ಚಿಕ್ಕಂದಿನಿಂದ ಕಂಡ ಮುಖ, ಅದರಲ್ಲಿ ನೋಡುವುದಕ್ಕೆ ಏನಿದೆ ಎಂದು ಅವಳು ಯಾವತ್ತೂ ನಿಂತು ನೋಡಿರಲಿಕ್ಕಿಲ್ಲ.

ಬಾಬಣ್ಣ ಬಂದಾಗ ಬಿಸಿಲು ಚಾವಡಿಯ ನಡುವಿನ ತನಕ ಬಂದಿತ್ತು. ಚಾ ಮೇಲೆ ಕೆನೆ ಕಟ್ಟಿತ್ತು. ದೂಮಪ್ಪಣ್ಣ ಬಾಯಿ ತೆರೆಯುವುದರೊಳಗೆ ಎಫ್ರಾಯಿಮರು, "ಬಂದ್ಯಾ ಬಾಬಣ್ಣ? ಬಾ, ಕೂತ್ಕೊ" ಎಂದು ಬೆಂಚಿನ ಮೇಲೆ ಕೈಯಿಂದ ಧೂಳು ಒರಸಿದರು. ಅವರು ಬೆಂಚಿನ ತುದಿಗೆ ಸರಿದು ಕೂತದ್ದು ಅವನಿಗೆ ಜಾಗ ಬಿಟ್ಟು ಎಂದು ನನಗೆ ಆಗ ತಿಳಿಯಿತು. ತಡವಾಯಿತೆಂದು ಬೈಸಿಕೊಳ್ಳುವ ತಯಾರಿಯಲ್ಲೇ ಬಂದಿದ್ದ ಬಾಬಣ್ಣ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತ. ಆಮೇಲೆ ಕೂತ. "ನಾನು ಹೊತ್ತಿಗೆ ಸರಿಯಾಗಿ ಬಂದೆ ಅಂತ ಕಾಣ್ತದೆ" ಎಂದ.

"ಉಂಟು" ಎಂದರು ದೂಮಪ್ಪಣ್ಣ, ಚಾ ಲೋಟ ಹಿಡಿದು, ಯಾರ ಮುಖವನ್ನೂ ನೋಡದೆ. "ಇವರ ಹತ್ರ ಉಂಟು."

ನವೋಮಿ ಮಾತ್ರ ಕಂಬ ಬಿಟ್ಟು ಬರಲಿಲ್ಲ. "ನನಗೆ ಕೊಟ್ಟ ಮೇಲೆ ನಿಮಗೆ ಎಂತ ಉಳೀತದೆ ಅಪ್ಪ? ನಿಮ್ಮ ಪ್ರಾಯದಲ್ಲಿ ಕಾಯ್ಲಿಕ್ಕೆ ಬಾರದೆ ಹೇಗೆ ದಿನ ಕಳೀತೀರಿ?"

"ನನಗೆ ಇನ್ನು ಯಾರು ಬರ್ಲಿಕ್ಕುಂಟು ಮಗಾ?" ಎಂದರು ಎಫ್ರಾಯಿಮರು. "ನಿನ್ನ ಮನೆಯಲ್ಲಿ ಒಬ್ಬ ಅರ್ಧ ದಾರಿಯಲ್ಲಿದ್ದಾನೆ."

ಅವಳು ಬಂದು ಕೈ ಚಾಚಿದಳು. ಅವರು ಮಣಿಕಟ್ಟು ಹಿಡಿದು ತಕ್ಕೊ ಎಂದರು. ಅವಳು ತಕ್ಕೊಂಡೆ ಎಂದಳು. ಎಂದೂ ಇಲ್ಲದ ಹಾಗೆ ನಿಧಾನವಾಗಿ. ಎಫ್ರಾಯಿಮರು ಕೈ ಬಿಟ್ಟವರೇ, "ಆಯ್ತಲ್ಲ, ಇನ್ನೆಂತ ನೋಡುದು, ಹೊರಡುವ" ಎಂದು ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದಾಗಿತ್ತು. ಚಾ ಹಾಗೆಯೇ ಉಳಿಯಿತು.

ಆ ವಾರ ಊರಿಗೆ ಒಳ್ಳೆಯ ತಮಾಷೆ. ಎಫ್ರಾಯಿಮರು ಅಕ್ಕಿ ಬೇಯುವ ಮೊದಲೇ ಗಂಜಿ ಬಡಿಸಿಕೊಂಡರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಆದದ್ದೇ ಸಾಕೆಂದು ಎದ್ದು ಬಂದರು. ಶುಕ್ರವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬಂದು ಭಾನುವಾರದ ಪತ್ರಿಕೆ ಕೊಡಿ ಎಂದು ಜಗಳ ಮಾಡಿದರು. ಅರ್ಧ ಗಡ್ಡದ ಕಡೆಗೆ ನಾನು ನೋಡುತ್ತಿದ್ದುದನ್ನು ಕಂಡು, "ಎಂತ ನೋಡ್ತೀರಿ? ಬೇಗ ಹೇಳಿ" ಎಂದರು.

ನವೋಮಿಯ ಮನೆಯಲ್ಲಿ ಏನೂ ನಡೆಯಲಿಲ್ಲ. ಬೇಲಿಯಾಚೆಯಿಂದ ನನಗೆ ಕಂಡದ್ದು ಇಷ್ಟೇ: ಅವಳು ಮಿಲ್ಲಿನಿಂದ ಬಂದು ಜಗಲಿಯಲ್ಲಿ ಬೆನಾಯನ ಪಕ್ಕ ಕೂರುತ್ತಿದ್ದಳು. ಅವನು ಅವಳ ಕಡೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ. ಇದೂ ನಾಲ್ಕು ದಿನದ ಆಟ ಎಂದುಕೊಂಡಿರಬೇಕು. ಒಮ್ಮೆ ಅವನ ತುಟಿ ಅಲ್ಲಾಡಿ ನಿಂತಿತು. ನಾನು ನೀರು ಹಾಕುತ್ತಿದ್ದವನು ಕೊಡ ಹಿಡಿದು ನಿಂತೆ. ಅವಳು ಏನೂ ಅನ್ನಲಿಲ್ಲ. ಅವನು ಅವಳನ್ನೇ ನೋಡಿದ. ಅಷ್ಟಕ್ಕೇ ಮುಗಿಯಿತು. ಶನಿವಾರ ಅವಳು ಅವನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದಳು. ದೆಬೋರಕ್ಕನಿಗೆ ಬರಬೇಡಿ ಎಂದು ಹೇಳಿ ಕಳಿಸುವ ಧೈರ್ಯ ಅವಳಿಗೆ ಇರಲಿಲ್ಲ. ಅಪ್ಪನದು ತನ್ನಲ್ಲಿ ನಿಂತಿದೆಯೋ ಇಲ್ಲವೋ ಎಂಬುದೇ ಅವಳಿಗೆ ಖಾತರಿಯಿರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ದೆಬೋರಕ್ಕ ಬಂದರು. ದಪ್ಪ ಮೈಯ, ಮೆತ್ತಗಿನ ದನಿಯ ಹೆಂಗಸು. ಎಫ್ರಾಯಿಮರು ಕಡವಿನಿಂದಲೇ ಅವರನ್ನು ಎಳೆದುಕೊಂಡು ಬಂದಂತೆ ಮುಂದೆ ಮುಂದೆ ಬಂದರು. ಚೀಲ ಎತ್ತಿಕೊಡಲು ನನ್ನನ್ನು ಕರೆದಿದ್ದರು. ಚೀಲ ಬಾಗಿಲ ಬಳಿ ಇತ್ತು. ದೆಬೋರಕ್ಕ ತಮ್ಮನ ಗಲ್ಲ ಸವರಿ, "ಹೊರಡುವನಾ?" ಎಂದರು.

ಬೆನಾಯ ನವೋಮಿಯ ಕಡೆ ನೋಡಿ, "ನಾ..." ಎಂದ.

ಎಲ್ಲರೂ ಸುಮ್ಮನಾದೆವು. ಒಬ್ಬರನ್ನು ಬಿಟ್ಟು. "ನಾನು ಹೋಗ್ತೇನೆ ಅಂತ ಹೇಳ್ತಿದ್ದಾನೆ!" ಎಂದು ಎಫ್ರಾಯಿಮರು ಚೀಲಕ್ಕೆ ಕೈ ಹಾಕಿದರು. "ಏಳು ಮಗಾ ಏಳು, ದೋಣಿಯ ಜನ ಬೈತಾರೆ."

ಬೆನಾಯನ ಬಾಯಿ ಮುಚ್ಚಿತು. ಅವನ ಕಣ್ಣಿನಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ನವೋಮಿ ಎದ್ದಳು. ಅವಳು ಅಪ್ಪನ ಮೇಲೆ ರೇಗುತ್ತಾಳೆಂದು ನಾನು ತಿಳಿದೆ. ಅವಳು ಅವರ ಕೈಯಿಂದ ಚೀಲ ಬಿಡಿಸಿ ಕೆಳಗಿಟ್ಟು, ಆ ಅರ್ಧ ಬೋಳಿಸಿದ ಗಲ್ಲಕ್ಕೆ ಅಂಗೈ ಒತ್ತಿ ಹಿಡಿದಳು. "ಅಪ್ಪಾ, ಒಂದು ಉಪಕಾರ ಮಾಡಿ. ಕಡವಿಗೆ ಹೋಗಿ ದೋಣಿಯವನಿಗೆ ಸ್ವಲ್ಪ ನಿಲ್ಲು ಅಂತ ಹೇಳಿ." ಹೇಳಿ ಮುಗಿಯುವ ಮೊದಲೇ ಅವರು ಗೇಟು ದಾಟಿದ್ದರು.

ಅವಳು ಬಂದು ಮೊದಲಿನ ಜಾಗದಲ್ಲೇ, ಗಂಡನ ಪಕ್ಕ, ಕೂತಳು. ಜಗಲಿಯ ಬೆಂಚಿನಲ್ಲಿ ಸ್ವಲ್ಪ ಸರಿದು ಕೂತಳು. ದೆಬೋರಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಒಲೆಯ ಮೇಲೆ ಏನೋ ಉಕ್ಕಿ ಸೀಯುವ ವಾಸನೆ ಬಂತು. ನವೋಮಿ ಅತ್ತ ತಿರುಗಲಿಲ್ಲ. ಅವಳ ಮುಖ ಬೆನಾಯನ ಕಡೆ ಇತ್ತು. ಅವಸರವೂ ಇಲ್ಲ, ಅವಸರವನ್ನು ಅದುಮಿಟ್ಟ ಬಿಗಿಯೂ ಇಲ್ಲ. ಅವನಿಂದ ಏನು ಬರಬೇಕೆಂದು ಅವಳು ಮೊದಲೇ ಊಹಿಸಿದ ಹಾಗೂ ಕಾಣಲಿಲ್ಲ. ಏನು ಬಂದರೂ ಕೂರಿಸಿಕೊಳ್ಳಲು ಜಾಗವಿದೆ ಎಂಬ ಹಾಗೆ ಇದ್ದಳು.

"ನಾ... ನಾನು" ಎಂದ ಬೆನಾಯ. ನಿಂತ. ಹಣೆಯಲ್ಲಿ ಬೆವರು. "ಹತ್ತಿ... ಹತ್ತಿಯಾಗಿದೆ." ನಮಗೆ ಏನೂ ಅರ್ಥವಾಗಲಿಲ್ಲ. ಅವಳು ತಲೆ ಕೂಡ ಆಡಿಸಲಿಲ್ಲ. "ಈ... ಬಸ್ಸು." ಅವನ ಬಾಯಿಯ ಒಂದು ಕಡೆ ಸೊಟ್ಟಗಾಯಿತು. ಅದು ನಗು ಎಂದು ತಿಳಿಯಲು ನನಗೆ ಕ್ಷಣ ಬೇಕಾಯಿತು. "ನಡುವಲ್ಲಿ... ಇಳಿಸಿದ್ರೆ..." ದೀರ್ಘವಾದ ಒಂದು ಉಸಿರು. "ಚಿಲ್ಲರೆ... ವಾಪಸ್... ಕೊಡ್ಬೇಕು ನೀನು."

ದೆಬೋರಕ್ಕ ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರಸಿಕೊಂಡರು. ನವೋಮಿ ನಗಲಿಲ್ಲ. ಇನ್ನೂ ಇದೆಯೇ ಎಂಬಂತೆ ಅವನ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಇತ್ತು. "ಅನ್ನ" ಎಂದ ಬೆನಾಯ, "ಸೀದು... ಹೋಯ್ತು." ಆಗ ಅವಳು ಅವನ ಭುಜಕ್ಕೆ ಹಣೆ ಇಟ್ಟು ಅತ್ತಳು. ಒಲೆ ಆರಿಸಲು ನಾನು ಒಳಗೆ ಹೋದೆ.

ಹೊರಗೆ ಬಂದಾಗ ಎಫ್ರಾಯಿಮರು ಏದುಸಿರು ಬಿಡುತ್ತ ಗೇಟಿನಲ್ಲಿ ನಿಂತಿದ್ದರು. ದೋಣಿಯವನಿಗೆ ಏನು ಹೇಳಿದಿರಿ ಎಂದು ದೆಬೋರಕ್ಕ ಕೇಳಿದರು. "ನಿಲ್ಲು ಅಂತ ಹೇಳ್ಲಿಕ್ಕೆ ಹೋದೆ" ಎಂದರು ಅವರು, ನೆಲ ನೋಡುತ್ತ. "ಅವ ಬೀಡಿ ಹಚ್ಚಿ ಸುಮ್ಮನೆ ಕೂತಿದ್ದ. ನೋಡ್ಲಿಕ್ಕೆ ಆಗ್ಲಿಲ್ಲ. ಹಗ್ಗ ಬಿಚ್ಚಿಬಿಟ್ಟೆ."

ಮುಂದಿನ ದೋಣಿ ಬುಧವಾರ ಇತ್ತು. ಅಲ್ಲಿಯ ತನಕ ದೆಬೋರಕ್ಕ ತಮ್ಮನ ಮನೆಯಲ್ಲೇ ಉಳಿದರು, ಬುಧವಾರ ಒಬ್ಬರೇ ಹತ್ತಿ ಹೋದರು.